ಕರೆಂಟ್ ಹೋದ ಹೊತ್ತಿನಲ್ಲಿ ತಪ್ಪಿದ ಕೆಲಸ

ಪ್ರಶ್ನೆ: ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ. ಅಟ್ಟದ ಮೇಲೆ ರಾಸ್ಪ್‌ಬೆರಿ ಪೈ 3 ಅನ್ನುವ ಒಂದು ಹಳೆಯ ಪುಟ್ಟ ಕಂಪ್ಯೂಟರ್ ಇಟ್ಟಿದ್ದೇನೆ. ಅಂಗಳದ ಮಳೆಮಾಪಕದ ಲೆಕ್ಕ ಅದಕ್ಕೆ ಬರುತ್ತದೆ. ದಿನಾ ಬೆಳಿಗ್ಗೆ 8:30ಕ್ಕೆ ಹಿಂದಿನ 24 ಗಂಟೆಯ ಮಳೆ ಎಷ್ಟು ಅಂತ ಊರಿನ 30 ಮನೆಗಳಿಗೆ ಡಾಂಗಲ್ ಮೂಲಕ ಎಸ್ಸೆಮ್ಮೆಸ್ ಹೋಗಬೇಕು. ಅದಕ್ಕೆ, ಹೇಳಿದ ಹೊತ್ತಿಗೆ ಪ್ರೋಗ್ರಾಮ್ ಓಡಿಸುವ ಕ್ರಾನ್‌ನಲ್ಲಿ ಒಂದು ಸಾಲು ಬರೆದಿದ್ದೇನೆ. ಬೇಸಿಗೆಯಲ್ಲಿ ಪರೀಕ್ಷೆ ಮಾಡಿದಾಗ ಗಡಿಯಾರದಂತೆ ಹೋಗುತ್ತಿತ್ತು. ಮಳೆ ಹಿಡಿದ ಮೇಲೆ ಕೆಲವು ದಿನ ಮೆಸೇಜು ಹೋಗುವುದೇ ಇಲ್ಲ. ಕೆಲವು ದಿನ 9 ಗಂಟೆಗೆ ಹೋಗುತ್ತದೆ. ಒಂದು ದಿನ ಎರಡು ಸಲ ಹೋಯಿತು. ತಪ್ಪು ಎಲ್ಲಿದೆ? ಇನ್ನೊಂದು ಪ್ರಶ್ನೆ. ಅಡಿಕೆ ತೋಟಕ್ಕೆ ಕೊಳೆ ರೋಗದ ಔಷಧಿ ಬೋರ್ಡೋ ಹೊಡೆದ 40 ದಿನಕ್ಕೆ ಒಂದೇ ಒಂದು ಸಲ ನೆನಪಿಸಬೇಕು. ಅದಕ್ಕೂ ಕ್ರಾನೇ ಬೇಕಾ?

ಉತ್ತರ: ನೀವು ಬರೆದ ಸಾಲಿನಲ್ಲಿ ತಪ್ಪಿಲ್ಲ. ಪತ್ರದ ಜೊತೆ ಕಳಿಸಿದ್ದನ್ನು ನೋಡಿದೆ:

30 8 * * * /ಹೋಮ್/ಪೈ/ಬಿನ್/ಮಳೆ

(ಇಲ್ಲಿ ಎಲ್ಲ ಆಜ್ಞೆಗಳನ್ನೂ ಕಡತದ ಹೆಸರುಗಳನ್ನೂ ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಆಜ್ಞೆಗಳೆಲ್ಲ ಸಣ್ಣಕ್ಷರ.)

ಮೊದಲನೆಯದು ನಿಮಿಷ, ಎರಡನೆಯದು ಗಂಟೆ, ಆಮೇಲೆ ತಾರೀಕು, ತಿಂಗಳು, ವಾರ. ನಕ್ಷತ್ರ ಅಂದರೆ ಯಾವುದಾದರೂ ಸರಿ. ದಿನಾ 8:30ಕ್ಕೆ ಓಡು ಅಂತ ನೀವು ಹೇಳಿದ್ದೀರಿ, ಅದು ಹಾಗೇ ಅರ್ಥ ಮಾಡಿಕೊಂಡಿದೆ. ತೊಂದರೆ ಇರುವುದು ನೀವು ಹೇಳದೆ ಬಿಟ್ಟ ಮಾತಿನಲ್ಲಿ: 8:30ಕ್ಕೆ ಕರೆಂಟ್ ಇಲ್ಲದಿದ್ದರೆ ಏನು ಮಾಡಬೇಕು? ಆ ಮಾತು ಹೇಳುವುದಕ್ಕೆ ಕ್ರಾನ್‌ನ ಆ ಐದು ಮನೆಗಳಲ್ಲಿ ಜಾಗವೇ ಇಲ್ಲ.

ಕ್ರಾನ್ ಮಾಡುವುದು ಇಷ್ಟೇ. ಪ್ರತಿ ನಿಮಿಷಕ್ಕೊಮ್ಮೆ ಏಳುತ್ತದೆ. ಈಗ ಗಡಿಯಾರದಲ್ಲಿ ಎಷ್ಟು ಅಂತ ನೋಡುತ್ತದೆ. ಆ ನಿಮಿಷಕ್ಕೆ ಹೊಂದುವ ಸಾಲು ಇದ್ದರೆ ಓಡಿಸುತ್ತದೆ, ಇಲ್ಲದಿದ್ದರೆ ಮತ್ತೆ ಮಲಗುತ್ತದೆ. ನಿನ್ನೆ ಏನು ಮಾಡಿದೆ, ಏನು ಬಿಟ್ಟೆ ಅನ್ನುವ ಲೆಕ್ಕ ಇಡುವುದಿಲ್ಲ. 1979ರಲ್ಲಿ ಬೆಲ್ ಲ್ಯಾಬ್ಸ್‌ನಿಂದ ಬಂದ, ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್‌ನ 7ನೇ ಆವೃತ್ತಿಯಲ್ಲೂ ಇದು ಇತ್ತು. 1987ರಲ್ಲಿ ಪಾಲ್ ವಿಕ್ಸಿ ಹೊಸದಾಗಿ ಬರೆದ ಕ್ರಾನ್‌ನ ಸಂತತಿಯೇ ಇವತ್ತು ನಿಮ್ಮ ಪೈನಲ್ಲಿ ಇರುವುದು. ಅವತ್ತಿನ ಯಂತ್ರಗಳು ಹಗಲು ರಾತ್ರಿ ಆರದೆ ಓಡುವ ದೊಡ್ಡ ಯಂತ್ರಗಳು. ಯಂತ್ರ ಎದ್ದೇ ಇರುತ್ತದೆ ಅಂತ ನಂಬಿ ಮಾಡಿದ ವ್ಯವಸ್ಥೆ ಇದು. ಆರಿದ್ರೆ ಮಳೆಯಲ್ಲಿ ಮರ ಬಿದ್ದು ಎರಡು ದಿನ ಲೈನ್ ಹೋಗುವ ನಮ್ಮ ಕಡೆ ಆ ನಂಬಿಕೆ ನಿಲ್ಲುವುದಿಲ್ಲ.

ಹಾಗಾಗಿ ಮಲೆನಾಡಿನಲ್ಲಿ ಯಂತ್ರಕ್ಕೆ ಯಾವ ಕೆಲಸ ಹಚ್ಚುವಾಗಲೂ ನಾನು ಮೊದಲು ಕೇಳುವುದು "ಎಷ್ಟು ಗಂಟೆಗೆ?" ಅಂತ ಅಲ್ಲ. "ತಪ್ಪಿದರೆ ಏನು?" ಅಂತ. ಕೆಲವು ಕೆಲಸ ತಪ್ಪಿದರೆ ತಪ್ಪಲಿ, ಮುಂದಿನ ಸರದಿ ಬರುತ್ತದೆ. ಕೆಲವು ಕೆಲಸ ತಡವಾದರೂ ಒಂದು ಸಲ ಆಗಲೇಬೇಕು. ಇನ್ನು ಕೆಲವು, ಮೂರು ದಿನ ತಪ್ಪಿದ್ದರೆ ಮೂರು ದಿನದ್ದೂ ಬೇಕು. ನಿಮ್ಮ ಮಳೆ ಲೆಕ್ಕ ಈ ಮೂರನೇ ಜಾತಿಯದು. ನೀವು ಅದನ್ನು ಮೊದಲನೇ ಜಾತಿಯ ಸಲಕರಣೆಗೆ ಕೊಟ್ಟಿದ್ದೀರಿ.

ಈಗ ನಿಮ್ಮ ಮೂರು ಒಗಟು ಬಿಡಿಸೋಣ. ಇದರಲ್ಲಿ ಪೈನ ಒಂದು ಗುಣ ಸೇರಿಕೊಂಡಿದೆ. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಕರೆಂಟ್ ಹೋದರೂ ಸಮಯ ಕಾಯುವುದಕ್ಕೆ ಒಂದು ಬಿಲ್ಲೆ ಬ್ಯಾಟರಿ ಇರುತ್ತದೆ. ಪೈ 3ರಲ್ಲಿ ಅದಿಲ್ಲ. ಕರೆಂಟ್ ಬಂದಾಗ ಅದಕ್ಕೆ ಎಷ್ಟು ಹೊತ್ತಾಗಿದೆ ಅಂತಲೇ ಗೊತ್ತಿರುವುದಿಲ್ಲ. ಕೊನೆಯ ಸಲ ಮೆಮೊರಿ ಕಾರ್ಡಿಗೆ ಬರೆದಿಟ್ಟ ಸಮಯದಿಂದ ಎಣಿಸಲು ಶುರು ಮಾಡುತ್ತದೆ. ನಿಮ್ಮದರಂಥ ಹಳೆಯ ವ್ಯವಸ್ಥೆಯಲ್ಲಿ ಹೀಗೆ ಬರೆದಿಡುವುದು ಗಂಟೆಗೊಮ್ಮೆ, ಪ್ರತಿ ಗಂಟೆಯ 17ನೇ ನಿಮಿಷಕ್ಕೆ. ಸರಿಯಾದ ಸಮಯ ಸಿಗುವುದು ಇಂಟರ್ನೆಟ್ ಬಂದ ಮೇಲೆ ಮಾತ್ರ. ನಮ್ಮ ಕಡೆ ಕರೆಂಟ್ ಬಂದ ತಕ್ಷಣ ಇಂಟರ್ನೆಟ್ ಬರುತ್ತದೆಯೇ? ಇಲ್ಲ ಅಲ್ವಾ.

ಎರಡು ಸಲ ಹೋದ ದಿನ ಹೀಗಾಗಿರಬೇಕು. 8:30ಕ್ಕೆ ಮೆಸೇಜು ಸರಿಯಾಗಿ ಹೋಯಿತು. 8:40ಕ್ಕೆ ಕರೆಂಟ್ ಹೋಯಿತು. 10 ಗಂಟೆಗೆ ಬಂತು. ಪೈ ಎದ್ದು "ಈಗ 8:17" ಅಂದುಕೊಂಡಿತು. ಡೇಟಾ ಇರಲಿಲ್ಲ, ತಿದ್ದುವವರು ಯಾರೂ ಇರಲಿಲ್ಲ. 13 ನಿಮಿಷ ಕಳೆಯಿತು. ಅದರ ಪಾಲಿಗೆ ಮತ್ತೆ 8:30. ಎಸ್ಸೆಮ್ಮೆಸ್‌ಗೆ ಡೇಟಾ ಬೇಕಿಲ್ಲ, ಒಂದು ಕಡ್ಡಿ ಸಿಗ್ನಲ್ ಸಾಕು. ಹೋಯಿತು ಎರಡನೇ ಸಲ.

ತಡವಾದ ದಿನ ಮತ್ತು ಹೋಗದ ದಿನ, ಎರಡೂ ಒಂದೇ ಬೀಜದ ಗಿಡ. ಬೆಳಗಿನ ಜಾವ 4ಕ್ಕೆ ಕರೆಂಟ್ ಹೋಯಿತು ಅಂತಿಟ್ಟುಕೊಳ್ಳಿ. ಕಾರ್ಡಿನಲ್ಲಿ ಇರುವುದು 3:17. ಕರೆಂಟ್ 5ಕ್ಕೆ ಬಂತು, ಡೇಟಾ 9ಕ್ಕೆ ಬಂತು. ಆ ಹೊತ್ತಿಗೆ ಪೈನ ಗಡಿಯಾರ 7:17 ತೋರಿಸುತ್ತಿರುತ್ತದೆ. ಒಮ್ಮೆಗೇ 9:00ಕ್ಕೆ ಹಾರುತ್ತದೆ. ನಿಮ್ಮ ಪೈನ ವ್ಯವಸ್ಥೆಗೆ ಮೂಲವಾದ ಡೆಬಿಯನ್ ಲಿನಕ್ಸ್‌ನ ಕ್ರಾನ್‌ಗೆ ಇಲ್ಲೊಂದು ನಿಯಮ ಇದೆ. ಗಡಿಯಾರ ಮೂರು ಗಂಟೆಗಿಂತ ಕಡಿಮೆ ಮುಂದೆ ಹಾರಿದರೆ, ನಡುವೆ ಬಿಟ್ಟುಹೋದ, ಹೊತ್ತು ಗೊತ್ತು ಮಾಡಿದ ಕೆಲಸಗಳನ್ನು ಕೂಡಲೇ ಓಡಿಸುತ್ತದೆ. ಇಲ್ಲಿ ಹಾರಿದ್ದು 1 ಗಂಟೆ 43 ನಿಮಿಷ. ಹಾಗಾಗಿ 9 ಗಂಟೆಗೆ ಮೆಸೇಜು. ಅದೇ ದಿನ ಕರೆಂಟ್ 7ಕ್ಕೆ ಬಂದು ಡೇಟಾ 9:30ಕ್ಕೆ ಬಂದಿದ್ದರೆ? ಗಡಿಯಾರ 5:47ರಿಂದ 9:30ಕ್ಕೆ ಹಾರುತ್ತದೆ. 3 ಗಂಟೆ 43 ನಿಮಿಷ. ಮೂರು ಗಂಟೆ ದಾಟಿದರೆ "ಇದು ಯಾರೋ ಗಡಿಯಾರ ತಿದ್ದಿದ್ದು" ಅಂತ ಕ್ರಾನ್ ತಿಳಿಯುತ್ತದೆ, ಹೊಸ ಸಮಯವನ್ನು ಒಪ್ಪಿಕೊಂಡು ಮುಂದೆ ಹೋಗುತ್ತದೆ. 8:30 ಅನ್ನುವ ನಿಮಿಷ ಅದರ ಪಾಲಿಗೆ ಬರಲೇ ಇಲ್ಲ. ಮೆಸೇಜೂ ಇಲ್ಲ.

ಮೂರು ಗಂಟೆಯ ಈ ನಿಯಮ ಇರುವುದು ನಮಗಾಗಿ ಅಲ್ಲ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡುವ ದೇಶಗಳಿಗಾಗಿ. ಭಾರತದಲ್ಲಿ ಆ ಪದ್ಧತಿ ಇಲ್ಲ. ಆದರೂ ನಿಯಮ ನಿಮ್ಮ ಅಟ್ಟದಲ್ಲಿ ಬಂದು ಕೂತಿದೆ, ಅರ್ಧ ದಿನ ಕಾಪಾಡಿದೆ, ಅರ್ಧ ದಿನ ಕೈಬಿಟ್ಟಿದೆ.

ಆದ್ದರಿಂದ ಮೊದಲ ಖರ್ಚು ಗಡಿಯಾರಕ್ಕೆ. ಡಿಎಸ್ 3231 ಅನ್ನುವ ಚಿಪ್ ಇರುವ ಸಣ್ಣ ಗಡಿಯಾರದ ಹಲಗೆ ಸಿಗುತ್ತದೆ. ಬಿಲ್ಲೆ ಬ್ಯಾಟರಿ ಹಾಕಿ ಪೈನ ಪಿನ್ನುಗಳಿಗೆ ಸಿಕ್ಕಿಸಿ, ಅದನ್ನೇ ನೋಡು ಅಂತ ಪೈನ ಸೆಟ್ಟಿಂಗ್‌ನಲ್ಲೂ ಹೇಳಬೇಕು. ನಮ್ಮ ಹವೆಯಲ್ಲಿ ಅದು ವರ್ಷಕ್ಕೆ ಸುಮಾರು ಒಂದು ನಿಮಿಷದಷ್ಟು ಮಾತ್ರ ಹಿಂದೆ ಮುಂದೆ ಆಗಬಹುದು. ಹೊಸ ಪೈ 5ರಲ್ಲಿ ಗಡಿಯಾರ ಒಳಗೇ ಇದೆ, ಆದರೆ ಬ್ಯಾಟರಿಯನ್ನು ನಾವೇ ಬೇರೆ ಕೊಂಡು ಜೋಡಿಸಬೇಕು. ಇದನ್ನು ಹಾಕುವವರೆಗೆ ಮುಂದೆ ಹೇಳುವುದೆಲ್ಲ ಅರ್ಧ ಔಷಧಿ. ಯಾಕೆಂದರೆ ತಪ್ಪುವುದು ಮೆಸೇಜಿನ ಹೊತ್ತು ಮಾತ್ರ ಅಲ್ಲ. ಮಾಪಕದ ಬಟ್ಟಲು ಮಳೆನೀರು ತುಂಬಿ ಒಂದೊಂದು ಸಲ ಮಗುಚಿದಾಗಲೂ ಪೈ ಅದರ ಎದುರು ಹೊತ್ತು ಬರೆಯುತ್ತದೆ ಅಂದಿದ್ದೀರಿ. ಗಡಿಯಾರ ತಪ್ಪಿದರೆ ಇವತ್ತು ಬಿದ್ದ ಮಳೆ ನಿನ್ನೆಯ ಲೆಕ್ಕಕ್ಕೆ ಹೋಗುತ್ತದೆ. ಅದನ್ನು ಆಮೇಲೆ ಯಾವ ಪ್ರೋಗ್ರಾಮೂ ಬಿಡಿಸಲಾರದು. ಜೊತೆಗೆ ಒಂದು ಸಣ್ಣ ಬ್ಯಾಟರಿ ಬ್ಯಾಕಪ್ ಇದ್ದರೆ ಇನ್ನೂ ಒಳ್ಳೆಯದು. ಪೈ ಆರಿದ್ದಾಗ ಮಗುಚಿದ ಬಟ್ಟಲು ಮಗುಚಿತು, ಅದರ ಲೆಕ್ಕ ಹೋಯಿತು. ಫಟ್ ಅಂತ ಕರೆಂಟ್ ಹೋದರೆ ಮೆಮೊರಿ ಕಾರ್ಡೂ ಕೆಡುತ್ತದೆ.

ಎರಡನೆಯದು, ಕೆಲಸವನ್ನೇ ಬೇರೆ ಥರ ಕಟ್ಟುವುದು. ನನಗೆ ಇದು ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ.

ನಿಮ್ಮ ಪ್ರೋಗ್ರಾಮ್ ಈಗ "ಈ ಕ್ಷಣದಿಂದ ಹಿಂದಕ್ಕೆ 24 ಗಂಟೆ" ಅಂತ ಕೂಡಿಸುತ್ತದೆ. 8:30ಕ್ಕೇ ಓಡಿದರೆ ಸರಿ. 9ಕ್ಕೆ ಓಡಿದರೆ 9ರಿಂದ 9ರ ಲೆಕ್ಕ ಬರುತ್ತದೆ, ನಿನ್ನೆಯದಕ್ಕೆ ಹೊಂದುವುದಿಲ್ಲ. ಭಾರತದ ಹವಾಮಾನ ಇಲಾಖೆ ಮಳೆಯ ದಿನವನ್ನು ಎಣಿಸುವುದು ಬೆಳಿಗ್ಗೆ 8:30ರಿಂದ ಮರುದಿನ 8:30ರವರೆಗೆ. ನೀವು 8:30 ಆರಿಸಿದ್ದು ಅದಕ್ಕೇ ಅಂತ ಕಾಣುತ್ತದೆ, ಒಳ್ಳೆಯ ಆಯ್ಕೆ. ಹಾಗಾದರೆ ಪ್ರೋಗ್ರಾಮ್ ಕೂಡ ಹಾಗೇ ಯೋಚಿಸಲಿ. ಓಡಿದಾಗ "ಈಗ ಎಷ್ಟು ಗಂಟೆ" ಅಂತ ಕೇಳದೆ "ಯಾವ ಯಾವ ದಿನದ ಮೊತ್ತ ಇನ್ನೂ ಬರೆದಿಲ್ಲ" ಅಂತ ಕೇಳಲಿ. ದಿನಕ್ಕೊಂದು ಕಡತ. ಕಡತ ಇದ್ದರೆ ಆ ದಿನ ಮುಗಿದಿದೆ. ಇಲ್ಲದಿದ್ದರೆ ಆ ದಿನದ 8:30ರಿಂದ 8:30ರ ನಡುವಿನ ಮಗುಚುಗಳನ್ನು ಎಣಿಸಿ ಬರೆಯಲಿ. ಮೂರು ದಿನ ಬಾಕಿ ಇದ್ದರೆ ಮೂರನ್ನೂ ಬರೆಯಲಿ. ಹೀಗೆ ಕಟ್ಟಿದರೆ ಪ್ರೋಗ್ರಾಮ್ 8:35ಕ್ಕೆ ಓಡಲಿ, ಮಧ್ಯಾಹ್ನ ಓಡಲಿ, ಹತ್ತು ಸಲ ಓಡಲಿ, ಉತ್ತರ ಒಂದೇ. ಹೊತ್ತು ತಪ್ಪಿದರೆ ಲೆಕ್ಕ ತಪ್ಪುತ್ತದೆ ಅನ್ನುವ ಭಯವೇ ಹೋಗುತ್ತದೆ.

ಲೆಕ್ಕ ಹಾಕುವುದನ್ನೂ ಕಳಿಸುವುದನ್ನೂ ಬೇರೆ ಮಾಡಿ. ಈಗ ಎರಡೂ ಒಂದೇ ಪ್ರೋಗ್ರಾಮಿನಲ್ಲಿ ಇವೆ. ಸಿಗ್ನಲ್ ಇಲ್ಲದಿದ್ದರೆ ಎರಡೂ ಹಾಳು. ಲೆಕ್ಕದ ಪ್ರೋಗ್ರಾಮ್ ಕಡತ ಬರೆದು ಸುಮ್ನೆ ಇರಲಿ. ಕಳಿಸುವ ಪ್ರೋಗ್ರಾಮ್ 15 ನಿಮಿಷಕ್ಕೊಮ್ಮೆ ಏಳಲಿ, ಕಳಿಸದ ಕಡತ ಇದೆಯಾ ನೋಡಲಿ, ಕಳಿಸಲಿ. ಮೆಸೇಜು ನಿಜವಾಗಿ ಹೊರಟ ಮೇಲೇ "ಕಳಿಸಿದೆ" ಅಂತ ಗುರುತು ಹಾಕಲಿ, ಮೊದಲೇ ಅಲ್ಲ. ಗುರುತು ಇರುವುದರಿಂದ ಎರಡೆರಡು ಸಲ ಹೋಗುವುದೂ ನಿಲ್ಲುತ್ತದೆ. ಈ ಕಳಿಸುವ ಕೆಲಸ ನಾನು ಹೇಳಿದ ಮೊದಲನೇ ಜಾತಿಯದು. ಒಂದು ಸರದಿ ತಪ್ಪಿದರೆ 15 ನಿಮಿಷಕ್ಕೆ ಇನ್ನೊಂದು ಬರುತ್ತದೆ. ಇದಕ್ಕೆ ಕ್ರಾನ್ ಹೇಳಿ ಮಾಡಿಸಿದ ಹಾಗಿದೆ:

*/15 * * * * ಫ್ಲಾಕ್ -ಎನ್ /ಟಿಎಂಪಿ/ಕಳಿಸು.ಲಾಕ್ ಟೈಮ್‌ಔಟ್ 600 /ಹೋಮ್/ಪೈ/ಬಿನ್/ಕಳಿಸು

ಫ್ಲಾಕ್ ಮತ್ತು ಟೈಮ್‌ಔಟ್ ಯಾಕೆ ಅಂತ ಒಂದು ಅನುಭವದಿಂದ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಶಿವಮೊಗ್ಗದ ಒಂದು ಕಚೇರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಲೆಕ್ಕದ ಕಡತಗಳನ್ನು ಬೇರೆ ಊರಿಗೆ ಕಳಿಸುವ ಕೆಲಸ ಕ್ರಾನ್‌ಗೆ ಹಚ್ಚಿದ್ದೆ. ಒಂದು ಸಲ ಕಳಿಸಲು ಎರಡು ನಿಮಿಷ ಸಾಕಿತ್ತು. ಜುಲೈ ತಿಂಗಳ ಒಂದು ರಾತ್ರಿ ಲೈನ್ ಪೂರ್ತಿ ಸತ್ತಿರಲಿಲ್ಲ, ಆದರೆ ತೆವಳುತ್ತಿತ್ತು. ಮೊದಲನೆಯದು ಮುಗಿಯುವ ಮೊದಲೇ ಎರಡನೆಯದು ಶುರುವಾಯಿತು, ಅದರ ಹಿಂದೆ ಮೂರನೆಯದು. ಮೊದಲನೆಯದು ಮುಗಿಯಿತೇ ಅಂತ ಕ್ರಾನ್ ಕೇಳುವುದಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಅದೇ ಪ್ರೋಗ್ರಾಮಿನ ಹತ್ತಾರು ಪ್ರತಿಗಳು ಸಾಲಾಗಿ ನಿಂತಿದ್ದವು. ಯಂತ್ರ ಒಂದು ಅಕ್ಷರ ಟೈಪ್ ಮಾಡಲೂ ಬಿಡುತ್ತಿರಲಿಲ್ಲ. ಕೌಂಟರಿನ ಎದುರು ಜನ ಕಾಯುತ್ತಿದ್ದರು. ಒಂದು ಪದ ಸೇರಿಸಿದ್ದರೆ ಸಾಕಿತ್ತು. ಫ್ಲಾಕ್ -ಎನ್ ಅಂದರೆ ಒಳಗೆ ಒಬ್ಬ ಇದ್ದರೆ ಎರಡನೆಯವನು ಬಾಗಿಲಲ್ಲೇ ವಾಪಸ್ ಹೋಗುತ್ತಾನೆ. ಟೈಮ್‌ಔಟ್ 600 ಅಂದರೆ ಹತ್ತು ನಿಮಿಷದಲ್ಲಿ ಮುಗಿಯದಿದ್ದರೆ ನಿಲ್ಲಿಸು. ಅವತ್ತಿನಿಂದ ನೆಟ್‌ವರ್ಕ್ ಮುಟ್ಟುವ ಯಾವ ಕೆಲಸವನ್ನೂ ಇವೆರಡು ಇಲ್ಲದೆ ನಾನು ಕ್ರಾನ್‌ಗೆ ಕೊಟ್ಟಿಲ್ಲ.

ಲೆಕ್ಕದ ಪ್ರೋಗ್ರಾಮಿಗೆ ಮಾತ್ರ ಕ್ರಾನ್ ಬೇಡ, ಸಿಸ್ಟಮ್‌ಡಿ ಟೈಮರ್ ಬಳಸಿ. ಯಂತ್ರ ಎದ್ದಾಗ ಉಳಿದ ಪ್ರೋಗ್ರಾಮುಗಳನ್ನು ಎಬ್ಬಿಸಿ ನೋಡಿಕೊಳ್ಳುವುದೇ ಸಿಸ್ಟಮ್‌ಡಿ. ನಿಮ್ಮ ಪೈನಲ್ಲಿ ಅದು ಈಗಾಗಲೇ ಇದೆ. ಎರಡು ಸಣ್ಣ ಕಡತ ಬರೆಯಬೇಕು. ಮಳೆ.ಸರ್ವಿಸ್‌ನಲ್ಲಿ ಏನು ಓಡಿಸಬೇಕು ಅಂತ, ಮಳೆ.ಟೈಮರ್‌ನಲ್ಲಿ ಯಾವಾಗ ಅಂತ. ಟೈಮರ್ ಕಡತ ಇಷ್ಟೇ (ಇದರಲ್ಲಿ ಟ್ರೂ ಮತ್ತು ಟೈಮರ್ಸ್.ಟಾರ್ಗೆಟ್ ಬಿಟ್ಟು ಉಳಿದ ಪದಗಳ ಮೊದಲಕ್ಷರ ದೊಡ್ಡದು; ಆನ್‌ಕ್ಯಾಲೆಂಡರ್, ವಾಂಟೆಡ್‌ಬೈಗಳಲ್ಲಿ ಕೂಡಿಸಿದ ಎರಡನೇ ಪದದ್ದೂ):

[ಟೈಮರ್]
ಆನ್‌ಕ್ಯಾಲೆಂಡರ್=*-*-* 08:35:00
ಪರ್ಸಿಸ್ಟೆಂಟ್=ಟ್ರೂ

[ಇನ್‌ಸ್ಟಾಲ್]
ವಾಂಟೆಡ್‌ಬೈ=ಟೈಮರ್ಸ್.ಟಾರ್ಗೆಟ್

ನಿಮಗೆ ಬೇಕಾದ ಮಾತು ಆ ಮೂರನೇ ಸಾಲು. ಪರ್ಸಿಸ್ಟೆಂಟ್ ಅಂತ ಹೇಳಿದರೆ ಸಿಸ್ಟಮ್‌ಡಿ ಕೊನೆಯ ಸಲ ಓಡಿದ ಹೊತ್ತನ್ನು ಡಿಸ್ಕಿನಲ್ಲಿ ಗುರುತು ಮಾಡಿಡುತ್ತದೆ. ಯಂತ್ರ ಎದ್ದಾಗ ಆ ಗುರುತು ನೋಡುತ್ತದೆ. ನಡುವೆ ಒಂದು ಸರದಿಯಾದರೂ ತಪ್ಪಿದ್ದರೆ ಕೂಡಲೇ ಓಡಿಸುತ್ತದೆ. ಒಂದು ಎಚ್ಚರ: ಐದು ದಿನ ತಪ್ಪಿದ್ದರೂ ಓಡಿಸುವುದು ಒಂದೇ ಸಲ. ಅದಕ್ಕೇ ಬಾಕಿ ದಿನಗಳನ್ನೆಲ್ಲ ಪ್ರೋಗ್ರಾಮೇ ಹುಡುಕಿ ಬರೆಯಬೇಕು ಅಂತ ಮೊದಲೇ ಹೇಳಿದ್ದು. 8:30ರ ಬದಲು 8:35 ಇಟ್ಟಿದ್ದು, ಕೊನೆಯ ನಿಮಿಷದ ಮಗುಚೂ ಬರೆದು ಮುಗಿದಿರಲಿ ಅಂತ.

ಕಡತ ಇಟ್ಟ ಮೇಲೆ ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್ ಮಾಡಿ, ಆಮೇಲೆ ಸಿಸ್ಟಮ್‌ಸಿಟಿಎಲ್ ಎನೇಬಲ್ --ನೌ ಮಳೆ.ಟೈಮರ್. ಜಾಸ್ತಿ ಜನ ಎಡವುವುದು ಇಲ್ಲೇ. ಟೈಮರ್ ಬದಲು ಸರ್ವಿಸನ್ನು ಎನೇಬಲ್ ಮಾಡಿಬಿಡುತ್ತಾರೆ. ಸರ್ವಿಸ್ ತಾನಾಗಿ ಏಳಬೇಕಿಲ್ಲ, ಅದನ್ನು ಏಳಿಸುವುದೇ ಟೈಮರ್ ಕೆಲಸ. ಸಿಸ್ಟಮ್‌ಸಿಟಿಎಲ್ ಲಿಸ್ಟ್-ಟೈಮರ್ಸ್ ಕೊಟ್ಟರೆ ಮುಂದಿನ ಸರದಿ ಯಾವಾಗ, ಹಿಂದಿನದು ಯಾವಾಗ ಆಯಿತು ಅಂತ ಎದುರಿಗೇ ಕಾಣುತ್ತದೆ. ಇಲ್ಲಿ ಫ್ಲಾಕ್ ಬೇಕಿಲ್ಲ. ಒಂದು ಸರ್ವಿಸ್ ಓಡುತ್ತಿರುವಾಗ ಟೈಮರ್ ಅದರ ಇನ್ನೊಂದು ಪ್ರತಿಯನ್ನು ಶುರು ಮಾಡುವುದಿಲ್ಲ.

ಅನಾಕ್ರಾನ್ ಬಳಸಿ ಅಂತಲೂ ಯಾರಾದರೂ ಹೇಳಬಹುದು. ತಪ್ಪಿದ್ದನ್ನು ನೆನಪಿಟ್ಟು ಓಡಿಸುವ ಹಳೆಯ ಸಲಕರಣೆ ಅದು, ಒಳ್ಳೆಯದೇ. ಆದರೆ ಅದು ಎಣಿಸುವುದು ದಿನದ ಲೆಕ್ಕದಲ್ಲಿ, ಗಂಟೆ ನಿಮಿಷ ಕೇಳುವುದಿಲ್ಲ. ಡೆಬಿಯನ್ ಥರದ ಕಡೆ ಲ್ಯಾಪ್‌ಟಾಪ್ ಬ್ಯಾಟರಿ ಮೇಲಿದ್ದರೆ ಶುರುವೂ ಆಗುವುದಿಲ್ಲ. ದಿನಕ್ಕೊಮ್ಮೆ ಯಾವಾಗಲಾದರೂ ಆಗಲಿ ಅನ್ನುವ ಬ್ಯಾಕಪ್‌ಗೆ ಇರಲಿ.

ಇನ್ನು ಬೋರ್ಡೋ ವಿಷಯ. ಇದಕ್ಕೆ ಕ್ರಾನ್ ಬೇಡ. ಒಂದೇ ಸಲದ ಕೆಲಸವನ್ನು ಕ್ರಾನ್‌ನಲ್ಲಿ ತಾರೀಕು ತಿಂಗಳು ಹಾಕಿ ಬರೆಯಬಹುದು, ಆದರೆ ಅದರಲ್ಲಿ ವರ್ಷದ ಮನೆ ಇಲ್ಲ. ಅಳಿಸಲು ಮರೆತರೆ ಮುಂದಿನ ವರ್ಷ ಅದೇ ದಿನ ಮತ್ತೆ ಮೆಸೇಜು ಹೋಗುತ್ತದೆ. ಆ ವರ್ಷ ಮಳೆ ತಡವಾಗಿ ನೀವು ಮೊದಲ ಸಲವೇ ಹೊಡೆದಿರುವುದಿಲ್ಲ.

ಒಂದೇ ಸಲದ ಕೆಲಸಕ್ಕೆ ಇರುವುದು ಅಟ್ ಅನ್ನುವ ಆಜ್ಞೆ. ಇದೂ ಆ 1979ರ ಯುನಿಕ್ಸ್‌ನಲ್ಲೇ ಇತ್ತು. ನಿಮ್ಮಲ್ಲಿ ಇಲ್ಲದಿದ್ದರೆ ಅಟ್ ಅನ್ನುವ ಹೆಸರಿನ ಪ್ಯಾಕೇಜ್ ಹಾಕಿಕೊಳ್ಳಿ. ಮಳೆಗಾಲಕ್ಕೆ ಮುಂಚೆ ಮೊದಲ ಸಲ ಹೊಡೆದ ದಿನ ಸಂಜೆ ಕೂತು ಇಷ್ಟು ಟೈಪ್ ಮಾಡಿ:

ಅಟ್ 7ಎಎಂ + 40 ಡೇಸ್

ಕೆಳಗೆ ಏನು ಓಡಿಸಬೇಕು ಅಂತ ಕೇಳುತ್ತದೆ. ಎಸ್ಸೆಮ್ಮೆಸ್ ಕಳಿಸುವ ಆಜ್ಞೆ ಬರೆಯಿರಿ, ಕಂಟ್ರೋಲ್ ಡಿ ಒತ್ತಿ. ಒಂದು ನಂಬರು ಮತ್ತು ತಾರೀಕು ತೋರಿಸುತ್ತದೆ. ಆ ತಾರೀಕನ್ನು ಕಣ್ಣಾರೆ ನೋಡಿ. ಬೆಳಿಗ್ಗೆ 7 ಕಳೆದ ಮೇಲೆ ಕೊಟ್ಟರೆ 7 ಅಂದರೆ ಇವತ್ತಿನದೋ ನಾಳೆಯದೋ ಅನ್ನುವ ಗೊಂದಲದಲ್ಲಿ ಒಂದು ದಿನ ಆಚೀಚೆ ಆಗಬಹುದು. ಎಟಿಕ್ಯೂ ಕೊಟ್ಟರೆ ಸಾಲಿನಲ್ಲಿ ಇರುವುದೆಲ್ಲ ಕಾಣುತ್ತದೆ. ಎಟಿಆರ್‌ಎಂ ಜೊತೆ ನಂಬರು ಕೊಟ್ಟರೆ ತೆಗೆದುಹಾಕುತ್ತದೆ. ಮಳೆ ಬಿಡದೆ ಹಿಡಿದು ಬೇಗ ಹೊಡೆಯಬೇಕಾಯಿತು ಅಂದರೆ ಹಳೆಯದನ್ನು ತೆಗೆದು ಹೊಸದು ಹಾಕಿದರಾಯಿತು.

ನಡುವೆ ಹತ್ತು ಸಲ ಕರೆಂಟ್ ಹೋದರೂ ಅಟ್‌ನ ಕೆಲಸ ಅಳಿಯುವುದಿಲ್ಲ, ಡಿಸ್ಕಿನಲ್ಲಿ ಇರುತ್ತದೆ. ಆ ಬೆಳಿಗ್ಗೆ 7ಕ್ಕೆ ಕರೆಂಟ್ ಇರಲಿಲ್ಲ ಅಂದುಕೊಳ್ಳಿ. ಯಂತ್ರ ಎದ್ದ ಮೇಲೆ ಹೊತ್ತು ಮೀರಿದ ಕೆಲಸವನ್ನು ಕಂಡು ಓಡಿಸುತ್ತದೆ. ಈ ಒಂದು ಗುಣದಲ್ಲಿ ಅಟ್ ನಮ್ಮ ಕಡೆಗೆ ಕ್ರಾನ್‌ಗಿಂತ ಚೆನ್ನಾಗಿ ಹೊಂದುತ್ತದೆ. ನನ್ನ ಸಲಹೆ ಕೇಳಿದರೆ 40ರ ಬದಲು 36 ಇಡಿ. ಕೊಳೆಗೆ ಎರಡನೇ ಸಲ ಹೊಡೆಯುವುದು 40ರಿಂದ 45 ದಿನದೊಳಗೆ. ಆದರೆ ಆ ಹೊತ್ತಿಗೆ ಮಳೆ ಹೊಳವು ಕೊಡಬೇಕು, ಮರ ಹತ್ತಿ ಹೊಡೆಯುವ ಕೊನೆಗಾರರು ಸಿಗಬೇಕು, ಮೈಲುತುತ್ತ ಸುಣ್ಣ ಮನೆಗೆ ಬಂದಿರಬೇಕು. ನೆನಪು ನಾಲ್ಕು ದಿನ ಮೊದಲೇ ಬಂದರೆ ಅವರನ್ನು ಕೇಳಿಡಲು ಹೊತ್ತು ಸಿಗುತ್ತದೆ.

ನಿಮ್ಮ ಪತ್ರದ ಕೊನೆಯಲ್ಲಿ ಇನ್ನೊಂದು ಸಾಲು ಇತ್ತು: ಕೈಯಲ್ಲಿ ಓಡಿಸಿದರೆ ಓಡುತ್ತದೆ, ಕ್ರಾನ್‌ನಲ್ಲಿ ಹಾಕಿದರೆ ಮೊದಮೊದಲು ಓಡುತ್ತಿರಲಿಲ್ಲ, ಪೂರ್ತಿ ದಾರಿ ಬರೆದ ಮೇಲೆ ಸರಿಯಾಯಿತು ಅಂತ. ಕಾರಣ ತಿಳಿದಿರಲಿ, ಮುಂದೆಯೂ ಬೇಕಾಗುತ್ತದೆ. ನೀವು ಲಾಗಿನ್ ಆದಾಗ ನಿಮ್ಮ ಸುತ್ತ ಇರುವ ವ್ಯವಸ್ಥೆ ಕ್ರಾನ್‌ಗೆ ಇರುವುದಿಲ್ಲ. ಆಜ್ಞೆಗಳನ್ನು ಅದು ಹುಡುಕುವುದು ಸಾಮಾನ್ಯವಾಗಿ /ಯುಎಸ್ಆರ್/ಬಿನ್ ಮತ್ತು /ಬಿನ್ ಎರಡರಲ್ಲೇ. ಆಜ್ಞೆ ಓದಿ ಓಡಿಸುವ ಶೆಲ್ ಕೂಡ ನಿಮಗೆ ಅಭ್ಯಾಸವಾದ ಬ್ಯಾಶ್ ಅಲ್ಲ, ಅದಕ್ಕಿಂತ ಸರಳವಾದದ್ದು. ಇದಕ್ಕಿಂತ ಕಾಡುವುದು ಶೇಕಡಾ ಗುರುತು. ಕ್ರಾನ್ ಸಾಲಿನಲ್ಲಿ % ಬಂದರೆ ಅದು ಸಾಲು ಮುರಿಯುವ ಗುರುತು. ಬೆಳಿಗ್ಗೆಯ ಕಡತಕ್ಕೆ ತಾರೀಕಿನ ಹೆಸರು ಇಡಲು ಡೇಟ್ +%ಎಫ್ (ಈ ಎಫ್ ಮಾತ್ರ ದೊಡ್ಡಕ್ಷರ) ಅಂತ ಬರೆದರೆ ಅಲ್ಲಿಗೇ ತುಂಡಾಗುತ್ತದೆ. ಡೇಟ್ +\%ಎಫ್ ಅಂತ ಹಿಂದೆ ಓರೆಗೆರೆ ಹಾಕಬೇಕು. ಅದಕ್ಕಿಂತ, ಇಂಥದ್ದನ್ನೆಲ್ಲ ಪ್ರೋಗ್ರಾಮಿನ ಒಳಗೆ ಬರೆದು ಕ್ರಾನ್ ಸಾಲನ್ನು ಚಿಕ್ಕದಾಗಿ ಇಡುವುದು ಒಳ್ಳೆಯದು.

ಊರಿನ ಸಂಘಕ್ಕೆ ತಿಂಗಳ ಮೊದಲ ಭಾನುವಾರ ತಿಂಗಳ ಮಳೆಯ ಮೊತ್ತ ಕೊಡುವ ಯೋಚನೆ ಇದೆ ಅಂದಿದ್ದೀರಿ. ಅದನ್ನು 0 7 1-7 * 0 ಅಂತ ಬರೆಯಬೇಡಿ. ಓದಿದರೆ "1ರಿಂದ 7ರೊಳಗೆ ಬರುವ ಭಾನುವಾರ" ಅನಿಸುತ್ತದೆ. ಕ್ರಾನ್ ಹಾಗೆ ಓದುವುದಿಲ್ಲ. ತಾರೀಕು ಮತ್ತು ವಾರ ಎರಡನ್ನೂ ಕೊಟ್ಟರೆ ಯಾವುದಾದರೂ ಒಂದು ಹೊಂದಿದರೂ ಓಡಿಸುತ್ತದೆ. 1ರಿಂದ 7ರವರೆಗೆ ದಿನಾ ಒಂದು ಸಲ, ಆಮೇಲೆ ಪ್ರತಿ ಭಾನುವಾರ ಒಂದು ಸಲ, ಒಟ್ಟು ತಿಂಗಳಿಗೆ 10 ಇಲ್ಲವೇ 11 ಸಲ ಮೆಸೇಜು ಹೋಗುತ್ತದೆ. 30 ಮನೆಯವರೂ ಫೋನ್ ಮಾಡುತ್ತಾರೆ. ಸಿಸ್ಟಮ್‌ಡಿ ಟೈಮರ್‌ನಲ್ಲಿ ಸನ್ *-*-1..7 07:00:00 ಅಂತ ಬರೆದರೆ ಎರಡೂ ಹೊಂದಿದಾಗ ಮಾತ್ರ ಓಡುತ್ತದೆ. ಸಂಶಯ ಇದ್ದರೆ ಸಿಸ್ಟಮ್‌ಡಿ-ಅನಲೈಸ್ ಕ್ಯಾಲೆಂಡರ್ ಅನ್ನುವ ಆಜ್ಞೆಗೆ ಆ ಸಾಲು ಕೊಡಿ, ಮುಂದೆ ಯಾವ ತಾರೀಕಿಗೆ ಬರುತ್ತದೆ ಅಂತ ಹೇಳುತ್ತದೆ. ಕ್ರಾನ್‌ನಲ್ಲಿ ಈ ಅನುಕೂಲ ಇಲ್ಲ.

ಮುಂದೆ ಯಾವತ್ತಾದರೂ ಲೆಕ್ಕವನ್ನು ಬಾಡಿಗೆ ಸರ್ವರಿಗೆ ಹಾಕಿದರೆ ಅದರ ಗಡಿಯಾರ ಯಾವ ಊರಿನದು ಅಂತ ಮೊದಲು ನೋಡಿ. ಸಾಮಾನ್ಯವಾಗಿ ಯುಟಿಸಿ ಅನ್ನುವ ಜಾಗತಿಕ ಸಮಯ ಇರುತ್ತದೆ, ನಮಗಿಂತ ಐದೂವರೆ ಗಂಟೆ ಹಿಂದೆ. ನಮ್ಮ 8:30 ಅಲ್ಲಿ ಸರಿಯಾಗಿ 3 ಗಂಟೆ, ಅಷ್ಟು ಸುಲಭ. ಆದರೆ ನಮ್ಮ ಒಂದನೇ ತಾರೀಕು ಬೆಳಗಿನ ಜಾವ 2 ಗಂಟೆ ಅಂದರೆ ಅಲ್ಲಿ ಹಿಂದಿನ ತಿಂಗಳ ಕೊನೆಯ ದಿನ ರಾತ್ರಿ 8:30. ಕೊನೆಯ ದಿನ ಒಮ್ಮೆ 30, ಒಮ್ಮೆ 31, ಫೆಬ್ರವರಿಯಲ್ಲಿ 28 ಇಲ್ಲವೇ 29. ಕ್ರಾನ್‌ನ ಐದು ಮನೆಯಲ್ಲಿ ಅದನ್ನು ಹೇಳಲು ಬರುವುದಿಲ್ಲ. ಟೈಮರ್‌ನಲ್ಲಾದರೆ ಹೊತ್ತು ಬರೆದಾದ ಮೇಲೆ, ಅದೇ ಸಾಲಿನ ಕೊನೆಗೆ, ಏಷ್ಯಾ/ಕೋಲ್ಕತಾ (ಎರಡರ ಮೊದಲಕ್ಷರವೂ ದೊಡ್ಡದು) ಅಂತ ಬರೆದರೆ ಸಾಕು.

ಕೈಯಲ್ಲಿ ಏನು ಬದಲಿಸುವ ಮೊದಲೂ ಕ್ರಾನ್‌ಟ್ಯಾಬ್ -ಎಲ್ ಕೊಟ್ಟು ಈಗಿನ ಸಾಲುಗಳನ್ನು ಒಂದು ಕಡತಕ್ಕೆ ಇಳಿಸಿಡಿ. ತಿದ್ದುವ ಆಜ್ಞೆ ಕ್ರಾನ್‌ಟ್ಯಾಬ್ -ಇ. ಎಲ್ಲವನ್ನೂ ಅಳಿಸುವ ಆಜ್ಞೆ ಕ್ರಾನ್‌ಟ್ಯಾಬ್ -ಆರ್. ಕೀಬೋರ್ಡಿನಲ್ಲಿ ಆ ಎರಡು ಅಕ್ಷರ ಅಕ್ಕಪಕ್ಕ ಇವೆ. ಅಳಿಸಲಾ ಅಂತ ಅದು ಕೇಳುವುದಿಲ್ಲ. ನನ್ನ ಬೆರಳು ಒಂದು ಸಲ ಪಕ್ಕಕ್ಕೆ ಜಾರಿತ್ತು. ಎರಡು ವರ್ಷದಲ್ಲಿ ಒಂದೊಂದಾಗಿ ಸೇರಿಸಿದ ಸಾಲುಗಳನ್ನು ನೆನಪಿನಿಂದ ಮತ್ತೆ ಬರೆಯಲು ಇಡೀ ವಾರ ಹಿಡಿಯಿತು. ಬಿಟ್ಟುಹೋದ ಒಂದು ಸಾಲು ಯಾವುದು ಅಂತ ತಿಂಗಳ ಕೊನೆಯಲ್ಲಿ ಆ ಕೆಲಸ ಆಗದಿದ್ದಾಗಲೇ ಗೊತ್ತಾಯಿತು.

ಎಲ್ಲ ಹಾಕಿಯಾದ ಮೇಲೆ ಪರೀಕ್ಷೆಯನ್ನು ಮಳೆಗೆ ಬಿಡಬೇಡಿ, ನೀವೇ ಮಾಡಿ. ಗಡಿಯಾರದ ಹಲಗೆ ಕೂರಿಸಿದ ಮೇಲೆ ಒಂದು ರಜೆಯ ದಿನ ಬೆಳಿಗ್ಗೆ 8:20ಕ್ಕೆ ಪೈ ಅನ್ನು ಸರಿಯಾಗಿ ಶಟ್‌ಡೌನ್ ಮಾಡಿ ಪ್ಲಗ್ ತೆಗೆಯಿರಿ. ಮನೆಯ ರೂಟರನ್ನೂ ಆರಿಸಿ. ತಿಂಡಿ ತಿಂದು 9:10ಕ್ಕೆ ಪೈಗೆ ಮಾತ್ರ ಕರೆಂಟ್ ಕೊಡಿ, ರೂಟರ್ ಆರಿರಲಿ. ಡೇಟ್ ಆಜ್ಞೆ ಕೊಟ್ಟರೆ 9:10 ದಾಟಿದ ಹೊತ್ತು ಕಾಣಬೇಕು. ಲಿಸ್ಟ್-ಟೈಮರ್ಸ್‌ನಲ್ಲಿ ಮಳೆ.ಟೈಮರ್ ಈಗಷ್ಟೇ ಓಡಿದ್ದು ಕಾಣಬೇಕು. ಅವತ್ತಿನ ಕಡತ ಹುಟ್ಟಿರಬೇಕು, ಅದರ ಒಳಗೆ 8:30ರವರೆಗಿನ ಲೆಕ್ಕ ಇರಬೇಕು. 9:15ಕ್ಕೆ, ತಪ್ಪಿದರೆ 9:30ಕ್ಕೆ, ನಿಮ್ಮ ಜೇಬಿನ ಫೋನು ಒಂದೇ ಒಂದು ಸಲ ಸದ್ದು ಮಾಡಬೇಕು.